ಕಾಲು ಹಾರ್ಮೋನಿಯಂಗೆ ತೂಗು ಕೊಟ್ಟ ರುಬೀನಾ

ಮಡಿಕೇರಿ ಕಡೆಯ ಮೊದಲ ಬಸ್ಸು ಹಾರನ್ ಹೊಡೆಯುವ ಮುಂಚೆಯೇ ರುಬೀನಾ ಅಂಗಡಿಯ ಷಟರ್ ಎತ್ತುತ್ತಾರೆ. ಎತ್ತುವುದೂ ಅರ್ಧಕ್ಕೆ ಮಾತ್ರ. ಪೂರ್ತಿ ಎತ್ತಿದರೆ ಯಾರಾದರೂ ಬಂದು ಮಾತಿಗೆ ನಿಲ್ಲುತ್ತಾರೆ, ಮಾತು ಶುರುವಾದರೆ ಕಿವಿ ಕೆಡುತ್ತದೆ ಎಂಬುದು ಅವರ ಲೆಕ್ಕ. ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಈ ಬೀದಿಯಲ್ಲಿ ಸದ್ಯಕ್ಕೆ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಗ್ಗಿ ಒಳಗೆ ಹೋದವರು ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಚಾಪೆಯ ಮೇಲೆ ಕಾಲು ಮಡಚಿ ಕೂರುತ್ತಾರೆ.

ಕೈಯಲ್ಲಿ ಹಿತ್ತಾಳೆಯದೊಂದು ರೀಡು. ಹಾರ್ಮೋನಿಯಂನಲ್ಲಿ ಗಾಳಿ ಬಡಿದಾಗ ಅಲುಗಿ ಸ್ವರ ಹೊರಡಿಸುವ ತೆಳು ನಾಲಿಗೆ ಇದೇ. ಅದರ ಬುಡದಲ್ಲಿ ಸಣ್ಣ ಅರದಿಂದ ಒಂದು ಸಲ ಕೆರೆಯುತ್ತಾರೆ, ತಿದಿಯ ಮೇಲಿಟ್ಟು ಸ್ವರ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಕೆರೆಯುತ್ತಾರೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದುಹೋದ ಹಿತ್ತಾಳೆ ಮಾತ್ರ ಮತ್ತೆ ಬಂದು ಕೂರುವುದಿಲ್ಲ.

ವಿಚಿತ್ರವೆಂದರೆ ಈ ರೀಡಿಗೆ ಏನೂ ಆಗಿಲ್ಲ. ಕೆಲವೇ ದಿನಗಳ ಹಿಂದೆ ಇದೇ ರುಬೀನಾ, ಇದೇ ಅರ ಹಿಡಿದು, ಇದನ್ನು ಅಚ್ಚುಕಟ್ಟಾಗಿ ಶ್ರುತಿಗೆ ತಂದಿದ್ದರು. ಈಗ ತಾವೇ ಸರಿ ಮಾಡಿದ್ದನ್ನು ತಾವೇ ತಪ್ಪಿಸುತ್ತ ಕುಳಿತಿದ್ದಾರೆ. ಹೀಗೆ ಮಾಡುವಾಗ ರೀಡು ಮುರಿದರೆ ಒಂದು ಊರಿನ ನಾಟಕದ ಪೆಟ್ಟಿಗೆಯ ಬಾಯಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಶ್ರುತಿ ಹಿಡಿಯುವ ಕೈ ಎಂದು ಈಗಷ್ಟೇ ಜನ ಒಪ್ಪಿಕೊಳ್ಳತೊಡಗಿರುವ ತಮ್ಮ ಕೈಯ ಮಾನ ಹೋಗುತ್ತದೆ ಎಂಬ ಭಯ ಅವರಿಗಿದೆ.

ರುಬೀನಾ ಹಾರ್ಮೋನಿಯಂ ರಿಪೇರಿಯ ಲತೀಫ್ ಸಾಬರ ಮಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ನಾಟಕದ ಮೇಷ್ಟ್ರುಗಳಿಗೆ ಲತೀಫ್ ಸಾಬರ ಹೆಸರು ಗೊತ್ತಿಲ್ಲದೆ ಇಲ್ಲ. ಪೌರಾಣಿಕ ನಾಟಕ ಕಲಿಸಲು ಊರೂರಿಗೆ ಹೋಗುವ ಮೇಷ್ಟ್ರುಗಳು ಹಾರ್ಮೋನಿಯಂ ಅನ್ನು ಪೆಟ್ಟಿಗೆ ಎಂದೇ ಕರೆಯುತ್ತಾರೆ. ಪೆಟ್ಟಿಗೆ ಕೆಟ್ಟಿತು ಅಂದರೆ ಹುಣಸೂರಿನ ಬಸ್ಸಿನ ಮೇಲೆ ಹಾಕಿಕೊಂಡು ಬರುವುದು ಒಂದು ಕಾಲದ ವಾಡಿಕೆ. ಆಗ ಮನೆಮಂದಿಗೆಲ್ಲ ಕೈತುಂಬ ಕೆಲಸವಿತ್ತು. ತಾಯಿ ಬಷೀರಾಬಿ ತಿದಿಗೆ ಬಟ್ಟೆ, ಚರ್ಮ ಕತ್ತರಿಸಿ ಅಂಟಿಸುತ್ತಿದ್ದರು. ಹುಡುಗಿ ರುಬೀನಾ ಶಾಲೆಯಿಂದ ಬಂದು ತಿದಿ ಒತ್ತಬೇಕಿತ್ತು. ಅಪ್ಪ ರೀಡಿಗೆ ಕಿವಿಗೊಟ್ಟು ಕೂತರೆ, ಅವರು ಸಾಕು ಅನ್ನುವವರೆಗೆ ಒತ್ತುತ್ತಲೇ ಇರಬೇಕು.

“ನಂಗ್ಯಾರೂ ಕಲಿಸ್ಲಿಲ್ಲ ಕಣ್ರೀ. ತಿದಿ ಒತ್ತಿ ಒತ್ತಿ ಕೈ ಸೋಲೋದು. ಸ್ವರ ಯಾವಾಗ ಸರಿ ಹೋಗುತ್ತೆ, ಯಾವಾಗ ನಮ್ ಅಬ್ಬ ಸಾಕು ಅಂತಾರೆ ಅಂತ ಕಾಯ್ಕೊಂಡು ಕೇಳ್ತಿದ್ದೆ. ಅಂಗೇ ಕಿವಿಗೆ ಹತ್ಕೊಂಡ್ತು,” ಎನ್ನುತ್ತಾರೆ ರುಬೀನಾ. ನುಡಿಸಲು ಬರುತ್ತದೆಯೇ ಎಂದರೆ ನಗುತ್ತಾರೆ. ಒಂದು ಹಾಡನ್ನೂ ಅವರು ಪೆಟ್ಟಿಗೆಯ ಮೇಲೆ ಪೂರ್ತಿ ನುಡಿಸಲಾರರು.

ಈಗ ಲತೀಫ್ ಸಾಬರ ಕಿವಿ ಮಂದವಾಗಿದೆ. ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಬಂದು ಕೂರುತ್ತಾರೆ, ಹೋಗಿಬರುವವರಿಗೆ ಸಲಾಂ ಹೇಳುತ್ತಾರೆ, ಕೂಗಿ ಹೇಳಿದರೆ ಉತ್ತರ ಕೊಡುತ್ತಾರೆ. ರಿಪೇರಿಗೆ ಬಂದವರ ಕಣ್ಣು ಮೊದಲು ಹೋಗುವುದು ಆ ಕುರ್ಚಿಯ ಕಡೆಗೇ. ಅರ ಹಿಡಿದು ಕೂತಿರುವ ಹೆಂಗಸನ್ನು ನೋಡಿ, ಸಾಬ್ರು ಮಾಡಲ್ವಾ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಅದಕ್ಕೆಲ್ಲ ರುಬೀನಾ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೆಡಿಸಿಕೊಳ್ಳುತ್ತಾರೆ, ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಪೆಟ್ಟಿಗೆಗಳೂ ಮೊದಲಿನಂತೆ ಬರುವುದಿಲ್ಲ. ನಾಟಕಕ್ಕೆ ಸೀನು, ಲೈಟು, ಮೈಕು ಬಾಡಿಗೆಗೆ ಕೊಡುವವರೇ ಜೊತೆಗೊಂದು ಎಲೆಕ್ಟ್ರಾನಿಕ್ ಕೀಬೋರ್ಡನ್ನೂ ಕಳಿಸುತ್ತಾರೆ. ಹಾಗಾಗಿ ಅಂಗಡಿ ನಡೆಯುವುದು ಈಗ ಕೀಬೋರ್ಡಿನ ಧೂಳು ಒರೆಸಿ, ಒಳಗಿನ ರಬ್ಬರ್ ಪಟ್ಟಿ ತೊಳೆದು ಕೂರಿಸುವ ಕೆಲಸದಿಂದ. ತಮ್ಮ ಕಸುಬಿನ ಅನ್ನ ಕಿತ್ತುಕೊಂಡ ಯಂತ್ರಕ್ಕೇ ಸ್ನಾನ ಮಾಡಿಸುವ ಪಾಡು ಎಂದು ಗಂಡ ಮುಸವೀರ್ ರೇಗಿಸುತ್ತಾರೆ. ಅವರದು ಪಕ್ಕದಲ್ಲೇ ಆಟೋ, ಬೈಕುಗಳ ಸೀಟು ಹೊಲಿಯುವ ಅಂಗಡಿ. ಅಲ್ಲಿ ಉಳಿದ ಒಳ್ಳೆಯ ಚರ್ಮದ ತುಂಡು ಇಲ್ಲಿನ ತಿದಿಗೆ ಬರುತ್ತದೆ.

ಇಂಥ ಅಂಗಡಿಗೆ ಈ ಬೇಸಿಗೆಯಲ್ಲಿ ವಸಂತ್ ಮತ್ತು ಕಾವ್ಯಶ್ರೀ ಬರುತ್ತಾರೆ. ವಸಂತ್ ಕೆ.ಆರ್. ನಗರದವರು, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಕಾವ್ಯಶ್ರೀ ಕಟ್ಟೆಮಳಲವಾಡಿಯ ರೈತರ ಮಗಳು, ಹಾಡು ಕಟ್ಟಿ ಹಾಡುತ್ತಾರೆ. ಗೆಳೆಯರು ಸೇರಿ ಮಾಡಿಕೊಂಡಿರುವ ಬ್ಯಾಂಡಿನ ಹೆಸರು ‘ಹೊಳೆದಂಡೆ’. ತಮ್ಮ ಮೊದಲ ಆಲ್ಬಂ ಅನ್ನು ಬೇರೆ ಊರಿನ ಸ್ಟುಡಿಯೋದಲ್ಲಿ ಮಾಡುವುದು ಬೇಡ ಎಂದು ಕಾವ್ಯಶ್ರೀ ಮನೆಯ ಹೊಗೆಸೊಪ್ಪಿನ ಬ್ಯಾರನ್ನನ್ನೇ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಬ್ಯಾರನ್ ಅಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ, ನೇತುಹಾಕಿ, ಶಾಖ ಕೊಟ್ಟು ಹದ ಮಾಡುವ ಎತ್ತರದ ಮನೆ. ಹರಾಜು ಮುಗಿದ ಮೇಲೆ ಮುಂದಿನ ಬೆಳೆಯವರೆಗೆ ಖಾಲಿ. ದಪ್ಪ ಗೋಡೆಗೆ ಗೋಣಿತಾಟು ಇಳಿಬಿಟ್ಟರೆ ಒಳಗೆ ಸದ್ದು ಚೆನ್ನಾಗಿ ನಿಲ್ಲುತ್ತದೆ, ಸೊಪ್ಪಿನ ಘಾಟು ಮಾತ್ರ ಎಷ್ಟು ಗುಡಿಸಿದರೂ ಹೋಗುವುದಿಲ್ಲ.

ಯಾವ ಹಾಡಿಗೆ ಯಾವ ವಾದ್ಯ ಎಂಬುದೇ ಅವರಿಗೆ ದೊಡ್ಡ ತಲೆನೋವಾಗಿರುತ್ತದೆ. ಬ್ಯಾರನ್ನಿನೊಳಗೆ ಮನೆ, ಅಂದರೆ ಬೆರಳಲ್ಲಿ ಒತ್ತುವ ಕೀಲಿ, ಇರುವ ವಾದ್ಯಗಳ ಸಂತೆಯೇ ನೆರೆದಿರುತ್ತದೆ. ವಸಂತ್ ಅವರ ಎರಡು ಕೀಬೋರ್ಡುಗಳಲ್ಲಿ ಸಾವಿರ ನಮೂನೆಯ ಸದ್ದಿದ್ದರೂ ಕಾವ್ಯಶ್ರೀಗೆ ಬೇಕಾದದ್ದು ಒಂದೂ ಇಲ್ಲ. ಗೆಳೆಯರೊಬ್ಬರಿಂದ ತಂದ ಹಳೆಯ ಎಲೆಕ್ಟ್ರಿಕ್ ಪಿಯಾನೊ ಎಲ್ಲರಿಗೂ ಹಿಡಿಸುತ್ತದೆ, ಅದು ಉಳಿಯುತ್ತದೆ. ಕೊಡಗಿನ ಎಸ್ಟೇಟ್ ಬಂಗಲೆಯೊಂದರ ಮರದ ಪಿಯಾನೊ ನೋಡಿಬಂದು, ಅದರೊಳಗೆ ಇಲಿ ಸಂಸಾರ ಮಾಡಿರುವುದು ಕಂಡು ಕೈಮುಗಿದು ಬರುತ್ತಾರೆ. ರುಬೀನಾ ಕೊಟ್ಟ, ಕೀಲಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತಾರಾ ಒಂದು ಕುಣಿತದ ಹಾಡಿಗೆ ಕೂರುತ್ತದೆ. ಕೈ ಹಾರ್ಮೋನಿಯಂ ಇನ್ನೆರಡಕ್ಕೆ. ಸೊಪ್ಪು ಕಟ್ಟುವ ಹೆಂಗಸರ ಮೇಲೆ ಕಾವ್ಯಶ್ರೀ ಕಟ್ಟಿದ ನಿಧಾನದ ಹಾಡಿಗೆ ಮಾತ್ರ ಯಾವುದೂ ಒಗ್ಗುವುದಿಲ್ಲ. ಆಲ್ಬಂ ನಿಂತಿರುವುದೇ ಆ ಹಾಡಿನ ಮೇಲೆ.

ಕಟ್ಟೆಮಳಲವಾಡಿಯ ನಾಟಕದ ಪೆಟ್ಟಿಗೆಯನ್ನು ನೆನಪಿಸಿದವರು ರುಬೀನಾ. ಊರಲ್ಲೇ ಅಂಥದ್ದನ್ನು ಇಟ್ಟುಕೊಂಡು ಹುಣಸೂರಿನ ಬೀದಿ ಅಲೆಯುತ್ತಿದ್ದೀರಲ್ಲ ಎಂದು ಇಬ್ಬರನ್ನೂ ಗದರಿ ಕಳಿಸುತ್ತಾರೆ. ಅದು ಕುರ್ಚಿಯಲ್ಲಿ ಕೂತು, ಕಾಲಲ್ಲಿ ತಿದಿ ತುಳಿದು, ಎರಡೂ ಕೈಯಿಂದ ನುಡಿಸುವ ಕಾಲು ಹಾರ್ಮೋನಿಯಂ. ಊರಿನ ನಾಟಕ ಕಂಪನಿಯದು, ನೋಡಿಕೊಳ್ಳುವವರು ಹಿರಿಯ ಮೇಷ್ಟ್ರು ಮಂಟಯ್ಯ. ಬಾಡಿಗೆ ಕೀಬೋರ್ಡು ಬಂದಮೇಲೆ ಟಾರ್ಪಾಲಿನ ಕೆಳಗೆ ಮೂಲೆ ಸೇರಿದ್ದ ಅದನ್ನು ಮಂಟಯ್ಯ ಎಳೆದು, ಕೂತು, ಒಂದು ಸ್ವರ ಹಿಡಿದಾಗ ಕಾವ್ಯಶ್ರೀ ನಿಂತಲ್ಲೇ ಕೂತುಬಿಡುತ್ತಾರೆ. ತಿದಿ ಬುಸುಗುಡುತ್ತಿದೆ, ತುಳಿಯುವ ಹಲಗೆ ಕಿರುಗುಡುತ್ತಿದೆ. ಆದರೆ ಸ್ವರ ನಿಂತಲ್ಲಿ ನಿಲ್ಲದೆ, ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಿದೆ. ಇದೇ ಬೇಕು ಎಂದು ವಸಂತ್ ಅಲ್ಲಿಯೇ ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ.

ಮುಂದಿನದು ಲತೀಫ್ ಸಾಬರ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಬುಸುಗುಡುವ ಪೆಟ್ಟಿಗೆ ತಮ್ಮ ಅಂಗಡಿಯಿಂದ ಹೊರಗೆ ಹೋಗಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ರೆಕಾರ್ಡಿಂಗಿಗೆ ಮುಂಚೆ ಗಾಳಿ ಸೋರುವುದೊಂದನ್ನು ನಿಲ್ಲಿಸಿಕೊಡಿ ಎಂದು ವಸಂತ್ ಅದನ್ನು ಟೆಂಪೋದಲ್ಲಿ ಕಳಿಸುತ್ತಾರೆ. ರುಬೀನಾ ತಿದಿ ಬಿಚ್ಚುತ್ತಾರೆ, ಹೊಸ ಚರ್ಮ ಹಾಕುತ್ತಾರೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಳಗೆ ನೋಡಿದರೆ ಪ್ರತಿ ಮನೆಗೂ ಒಂದೇ ಸ್ವರದ ಎರಡೆರಡು ರೀಡು. ಅದರಲ್ಲಿ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಇಳಿದಿದೆ. ಮಳೆ, ಧೂಳು, ವಯಸ್ಸು ಎಂದುಕೊಂಡು ಇಳಿದದ್ದನ್ನೆಲ್ಲ ಏರಿಸಿ ಜೋಡಿ ಕೂಡಿಸುತ್ತಾರೆ. ಊಟ ತಿಂಡಿ ಬಿಟ್ಟು ಮಾಡಿದ ಕೆಲಸ. ಆಲ್ಬಮ್ಮಿಗೆ ಹೋಗುವ ಪೆಟ್ಟಿಗೆ ಎಂಬ ಹಿಗ್ಗು ಬೇರೆ.

ಬ್ಯಾರನ್ನಿನಲ್ಲಿ ತಿದಿಯ ಹತ್ತಿರ ಒಂದು ಮೈಕು, ಹಿಂಬದಿಯಲ್ಲಿ ರೀಡುಗಳು ಉಸಿರಾಡುವ ಕಡೆ ಇನ್ನೊಂದು ಮೈಕು ನಿಲ್ಲಿಸಿ ವಸಂತ್ ನುಡಿಸುತ್ತಾರೆ. ಸ್ವರ ಗೆರೆ ಎಳೆದಂತೆ ಬರುತ್ತದೆ. ಚೆನ್ನಾಗಿದೆ ಅಕ್ಕ ಎಂದು ಪೆಟ್ಟಿಗೆಯ ಜೊತೆ ಬಂದಿರುವ ರುಬೀನಾಗೆ ಹೇಳುತ್ತಾರೆ, ಹೇಳುವವರ ಮುಖ ಸಪ್ಪಗಾಗಿರುತ್ತದೆ. ಕಾವ್ಯಶ್ರೀ ಹಾಡಲು ನಿಂತು, ಎರಡು ಸಾಲು ಹಾಡಿ, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಾರೆ. ಕೊನೆಗೆ ವಸಂತ್ ಫೋನಿನಲ್ಲಿ ಹಿಡಿದದ್ದನ್ನು ಹಾಕಿದಾಗ ರುಬೀನಾ ಫೋನನ್ನು ಇಸಿದುಕೊಂಡು ಕಿವಿಗೆ ಹಿಡಿಯುತ್ತಾರೆ. ಜೋಡಿ ರೀಡುಗಳ ನಡುವಿನ ಆ ಕೂದಲೆಳೆಯ ಅಂತರವೇ ಸ್ವರವನ್ನು ತೂಗಿಸುತ್ತಿತ್ತು, ತಾವು ಅಳಿಸಿದ್ದು ಅದನ್ನೇ ಎಂದು ಯಾರೂ ಹೇಳಿಕೊಡುವ ಅಗತ್ಯ ಅವರಿಗೆ ಬೀಳುವುದಿಲ್ಲ.

ಮಂಟಯ್ಯನವರನ್ನು ಕರೆಸುತ್ತಾರೆ. ಅವರು ಕೂತು ತುಳಿಯುತ್ತಾರೆ, ತಮ್ಮ ಹಳೆಯ ರಾಜಪಾರ್ಟಿನ ಹಾಡೊಂದನ್ನು ಎತ್ತಲು ನೋಡುತ್ತಾರೆ, ನಡುವೆಯೇ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. “ಏನ್ ಮಾಡ್ಬುಟ್ಟೆ ಕಣವ್ವ. ಅದು ನಿಮ್ಮಪ್ಪ ಬೇಕೂಂತ ಬುಟ್ಟಿದ್ದು. ನನ್ ಗಂಟ್ಲು ಒಡ್ದಿದ್ ಕಾಲ್ದಲ್ಲಿ, ಸ್ವರ ಒಸಿ ಆಚೆ ಈಚೆ ಆದ್ರೂ ಕಾಣ್ದಂಗಿರ್ಲಿ ಅಂತ ಆ ತೂಗು ಇಟ್ಕೊಟ್ಟಿದ್ರು,” ಎನ್ನುತ್ತಾರೆ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಮೇಷ್ಟ್ರು ಮೆತ್ತಗೆ ಹೇಳಿದರು ಎಂದು ರುಬೀನಾ ಇವತ್ತಿಗೂ ನೊಂದುಕೊಳ್ಳುತ್ತಾರೆ.

ಪೆಟ್ಟಿಗೆಯನ್ನು ಮತ್ತೆ ಹೇರಿಕೊಂಡು ಅಂಗಡಿಗೆ ಬಂದು ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಕೇಳುತ್ತಾರೆ: ಕಟ್ಟೆಮಳಲವಾಡಿ ಪೆಟ್ಟಿಗೆಯಲ್ಲಿ ತೂಗು ಇಟ್ಟವರು ನೀವೇನಾ, ಎಷ್ಟು ಇಟ್ಟಿರಿ, ಹೇಗೆ ಇಟ್ಟಿರಿ? ಅಂದು ಮನೆಮಾತಿನಲ್ಲಿ ಮಗಳಿಗೆ ಕೊಟ್ಟ ಉತ್ತರವನ್ನೇ ಲತೀಫ್ ಸಾಬರು ಈಗ ನಮ್ಮೆದುರೂ ಕನ್ನಡದಲ್ಲಿ ಒಪ್ಪಿಸುತ್ತಾರೆ. “ಬೇಕೂಂತ ಮಾಡಿದ್ನೋ, ಅವತ್ತು ಕೈ ತಪ್ಪಿ ಆಯ್ತೋ, ಖುದಾಗೇ ಗೊತ್ತು. ಮೇಷ್ಟ್ರು ಖುಷಿಯಾಗಿ ತಗೊಂಡೋದ್ರು, ನಾನು ಸುಮ್ನಾದೆ,” ಎಂದು ಹೇಳಿ ನಗುತ್ತಾರೆ. ಮಗಳಿಗೆ ಆ ದಿನ ನಗು ಬಂದಿರಲಿಲ್ಲ. ಹಿಡಿದುಕೊಳ್ಳಲು ಇದ್ದ ಒಂದು ದಾರವೂ ಕೈಗೆ ಸಿಗದೆ ಹೋಗಿತ್ತು.

ವಸಂತ್ ಒಳ್ಳೆಯ ಮನುಷ್ಯ. ಚಿಂತೆ ಬೇಡ, ಈಗಿರುವ ಸ್ವರವನ್ನೇ ಹಿಡಿದು ಕಂಪ್ಯೂಟರಿನಲ್ಲಿ ತೂಗು ಸೇರಿಸುತ್ತೇನೆ, ಕೇಳುವವರಿಗೆ ಗೊತ್ತೇ ಆಗುವುದಿಲ್ಲ ಎಂದು ಫೋನು ಮಾಡುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಒಪ್ಪಿಕೊಂಡಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು, ಆಲ್ಬಂ ಆಗುತ್ತಿತ್ತು, ಯಾರೂ ರುಬೀನಾರನ್ನು ದೂರುತ್ತಿರಲಿಲ್ಲ. ರುಬೀನಾ ಕೊಟ್ಟ ಉತ್ತರ ವಸಂತ್ ಅವರಿಗೆ ಬಾಯಿಪಾಠವಾಗಿದೆ. “ಕಂಪ್ಯೂಟ್ರು ನಿಮ್ ಹಾಡಿಗ್ ಸರಿ ಮಾಡ್ತದೆ ಕಣಪ್ಪ. ಮೇಷ್ಟ್ರ ಪೆಟ್ಗೆಗೆ ಯಾರ್ ಮಾಡ್ತಾರೆ?”

ಹಾಗೆ ಶುರುವಾದದ್ದು ಈ ಬೆಳಗಿನ ಕೆಲಸ. ಮೊದಮೊದಲು ಫೋನಿನ ಸ್ವರವನ್ನೇ ಕೇಳಿ ಕೇಳಿ ಅದರಂತೆ ತರಲು ನೋಡುತ್ತಾರೆ. ಬುಸುಗುಡುವ ತಿದಿ, ಯಾರದೋ ಕೆಮ್ಮು, ಅಂಗಳದ ಕೋಳಿ, ಇವೆಲ್ಲದರ ನಡುವೆ ಅಪ್ಪನ ಕೈ ಎಲ್ಲಿದೆ ಎಂದು ಹುಡುಕುವುದು ಆಗದ ಮಾತು. ಆತುರದಲ್ಲಿ ಒಂದು ರೀಡು ಬುಡಕ್ಕೇ ಮುರಿಯುತ್ತದೆ. ರುಬೀನಾ ಅರ ಕೆಳಗಿಟ್ಟು ಅತ್ತುಬಿಟ್ಟರು ಎಂದು ಮುಸವೀರ್ ಹೇಳುತ್ತಾರೆ. ರುಬೀನಾ ಅದು ಹಿತ್ತಾಳೆಯ ಪುಡಿ ಕಣ್ಣಿಗೆ ಬಿದ್ದದ್ದು ಎನ್ನುತ್ತಾರೆ. ಹಳೆಯ ಪೆಟ್ಟಿಗೆಗಳಿಂದ ಬಿಚ್ಚಿಟ್ಟ ರೀಡುಗಳ ಡಬ್ಬಿಯಲ್ಲಿ ಅದಕ್ಕೆ ಜೋಡಿ ಸಿಕ್ಕಿದ್ದು ಅವರ ಪುಣ್ಯ.

ಮಾರನೆಯ ಬೆಳಿಗ್ಗೆ ಅವರು ಫೋನನ್ನು ಮುಟ್ಟುವುದಿಲ್ಲ. ಮಂಟಯ್ಯನವರನ್ನೇ ಮೊದಲ ಬಸ್ಸಿಗೆ ಬರಲು ಹೇಳುತ್ತಾರೆ. ನಾಟಕದ ಪೆಟ್ಟಿಗೆಯನ್ನು ಪಾತ್ರಧಾರಿಯ ಗಂಟಲು ನೋಡಿಕೊಂಡು ಸಜ್ಜು ಮಾಡುವುದು ಆ ಅಂಗಡಿಯ ಹಳೆಯ ಪದ್ಧತಿ, ಬಾಡಿಗೆ ಕೀಬೋರ್ಡುಗಳ ಕಾಲದಲ್ಲಿ ಮರೆತೇಹೋಗಿತ್ತು. ಮೇಷ್ಟ್ರು ಚಾಪೆಯ ಮೇಲೆ ಕೂತು ಒಂದೊಂದೇ ಸ್ವರ ಹಿಡಿಯುತ್ತಾರೆ, ರುಬೀನಾ ಒಂದೊಂದೇ ರೀಡು ಇಳಿಸುತ್ತಾರೆ. ಎಲ್ಲಿ ಅವರ ಕುತ್ತಿಗೆಯ ನರ ಉಬ್ಬದೆ ಸ್ವರ ಕೂರುತ್ತದೋ ಅಲ್ಲಿಗೆ ಸಾಕು. ಮೇಷ್ಟ್ರ ಗಂಟಲು ಈಗ ಲತೀಫ್ ಸಾಬರು ಕೇಳಿದ ಗಂಟಲಲ್ಲ. ಮುಪ್ಪಿಗೆ ಭಾರವಾಗಿದೆ, ಸ್ವರ ತಲುಪಲು ಹೊತ್ತು ಹಿಡಿಯುತ್ತದೆ. ಹಾಗಾಗಿ ತೂಗು ಕೂಡ ನಿಧಾನವಾಗುತ್ತಾ ಹೋಗುತ್ತದೆ. ಇದು ಹಳೆಯ ತೂಗಲ್ಲ ಎಂಬುದು ರುಬೀನಾಗೆ ಎರಡನೆಯ ಬೆಳಗಿಗೇ ಗೊತ್ತಾಗಿರುತ್ತದೆ, ಆದರೂ ಮುಂದಿನ ರೀಡಿಗೆ ಕೈ ಹಾಕುತ್ತಾರೆ.

ಇವತ್ತು ಕೊನೆಯ ರೀಡು. ಅದನ್ನು ಕೂರಿಸಿ, ಪೆಟ್ಟಿಗೆ ಮುಚ್ಚಿ, ಟೆಂಪೋ ಹತ್ತಿಸಿಕೊಂಡು ರುಬೀನಾ ಕಟ್ಟೆಮಳಲವಾಡಿಗೆ ಹೊರಡುತ್ತಾರೆ. ಬಿಸಿಲು ಏರಿದರೆ ಬ್ಯಾರನ್ನಿನ ತಗಡಿನ ಸೂರು ಟಣ್ ಟಣ್ ಎನ್ನತೊಡಗುತ್ತದೆ, ಆಮೇಲೆ ರೆಕಾರ್ಡಿಂಗ್ ಇಲ್ಲ. ವಸಂತ್ ಅವಸರದಲ್ಲೇ ತಮ್ಮ ಎಲೆಕ್ಟ್ರಿಕ್ ಪಿಯಾನೊವನ್ನು ಪೆಟ್ಟಿಗೆಯ ಶ್ರುತಿಗೆ ಹೊಂದಿಸಿಕೊಳ್ಳುತ್ತಾರೆ. ಕಾಲು ಹಾರ್ಮೋನಿಯಂಗೆ ಮಂಟಯ್ಯನವರೇ ಕೂರುತ್ತಾರೆ. ಕೈ ನನ್ನದು ಓಡುತ್ತದೆ, ಕಾಲು ಮಾತ್ರ ತಾಳ ತಪ್ಪುತ್ತದೆ ಎಂದು ವಸಂತ್ ಮೊದಲೇ ಕೈಚೆಲ್ಲಿದ್ದರು.

ಹಲಗೆಯ ಕಿರುಗುಟ್ಟುವಿಕೆಯನ್ನು ಯಾರೂ ಸರಿ ಮಾಡಿಲ್ಲ, ಈ ಸಲ ರುಬೀನಾ ಎಣ್ಣೆಯ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದಾರೆ. ಸ್ವರ ಹೊರಡುತ್ತದೆ. ತೂಗು ಇದೆ, ಅಗಲವಾಗಿ, ಸಾವಕಾಶವಾಗಿ ಇದೆ. ಕಾವ್ಯಶ್ರೀ ಕಣ್ಣು ಮುಚ್ಚಿ ಹಾಡುತ್ತಾರೆ. ಸೊಪ್ಪು ಕಟ್ಟುವ ಹೆಂಗಸರ ಬೆರಳಿನ ಕಪ್ಪು ಅಂಟಿನ ಬಗ್ಗೆ, ಅದನ್ನು ತೊಳೆದುಕೊಳ್ಳದೆ ಮಕ್ಕಳಿಗೆ ಊಟ ಇಡಲಾಗದ ಸಂಕಟದ ಬಗ್ಗೆ ಅವರ ಹಾಡು. ಬಾಗಿಲಲ್ಲಿ ನಿಂತ ಅವರ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಂದೇ ಸಲಕ್ಕೆ ಹಾಡು ಮುಗಿಯುತ್ತದೆ, ಇನ್ನೊಂದು ಸಲ ಬೇಡ ಎಂದು ವಸಂತ್ ಕೈಯಾಡಿಸುತ್ತಾರೆ.

ಮಂಟಯ್ಯ ಮಾತ್ರ ತುಳಿಯುವುದನ್ನು ನಿಲ್ಲಿಸುವುದಿಲ್ಲ. ಮೈಕು ಇನ್ನೂ ತೆರೆದಿದೆ ಎಂಬುದು ಅವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಲೆಕ್ಕಕ್ಕಿಲ್ಲವೋ, ಅಂದು ಅರ್ಧಕ್ಕೆ ಬಿಟ್ಟ ರಾಜಪಾರ್ಟಿನ ಹಾಡನ್ನು ಎತ್ತಿಕೊಳ್ಳುತ್ತಾರೆ. ಮೇಲಿನ ಸ್ವರಕ್ಕೆ ಹೋಗುತ್ತಾರೆ, ಅಲ್ಲಿ ನಿಲ್ಲುತ್ತಾರೆ, ಅವಸರವಿಲ್ಲದೆ ಇಳಿಯುತ್ತಾರೆ. ವಸಂತ್ ರೆಕಾರ್ಡಿಂಗ್ ನಿಲ್ಲಿಸದೆ ಹಾಗೇ ಕೂತಿದ್ದಾರೆ. ರುಬೀನಾ ಮಾತ್ರ ಗೋಡೆಗೆ ಒರಗಿ, ಪರೀಕ್ಷೆಯ ಫಲಿತಾಂಶಕ್ಕೆ ನಿಂತವರಂತೆ ನಿಂತಿದ್ದಾರೆ.

ಹಾಡು ಮುಗಿಸಿದ ಮೇಷ್ಟ್ರು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಹೇಳುತ್ತಾರೆ: “ಇದು ನಿಮ್ಮಪ್ಪನ್ ತೂಗಲ್ಲ ಕಣವ್ವ. ಆ ತೂಗಿನ್ ಹಿಂದೆ ನಾನು ಓಡ್ಬೇಕಾಗಿತ್ತು. ಇದು ನನ್ ಜೊತೇಲೆ ನಡೀತದೆ.”

ರುಬೀನಾ ಮೈಕಿನ ವೈರು ಸುತ್ತಲು ಕೈಜೋಡಿಸುತ್ತಾರೆ. ಹುಣಸೂರಿಗೆ ವಾಪಸಾಗುವ ಟೆಂಪೋದಲ್ಲಿ, ಅಪ್ಪನಂತೆ ಮಾಡಲಾಗಲಿಲ್ಲ ಎಂಬ ಬೇಸರ ಇದೆಯೇ ಎಂದು ನಾವು ಅವರನ್ನು ಕೇಳುತ್ತೇವೆ.

“ಯಾಕ್ರೀ ಬೇಸ್ರ? ಅಬ್ಬನ್ ತರಾನೇ ಮಾಡಿದ್ರೆ ಮೇಷ್ಟ್ರು ಇನ್ನೂ ಓಡ್ತಾನೇ ಇರ್ತಿದ್ರು.”